ಚಿಮ್ಮನಚೋಡದ ಹದಿನಾಲ್ಕು ಸಾಲು

ಮೂವತ್ತಾರು ವರ್ಷ ಕೆಂಪು ಪೆನ್ನು ಹಿಡಿದು ಊರ ಮಕ್ಕಳಿಗೆಲ್ಲ ಧಾರಾಳವಾಗಿ ಸೊನ್ನೆ ಹಂಚಿದ ಜಾನಕೀಬಾಯಿಗೆ, ಅರವತ್ತೆಂಟನೆಯ ವಯಸ್ಸಿನಲ್ಲಿ ಒಂದು ಕಂಪ್ಯೂಟರು ಸೊನ್ನೆ ಕೊಟ್ಟಿತು. ಕೊಟ್ಟಿದ್ದೂ ಒಂದಲ್ಲ, ಬೆಳಗಿನಿಂದ ಅದು ಏಳನೆಯದು.

'ಸಿಕ್ಕ ಸಾಲುಗಳು: 0' ಎಂದು ಪರದೆ ಹೇಳುತ್ತಿತ್ತು. ಆಕೆ ಕೇಳಿದ್ದು ಅಂಥ ದೊಡ್ಡ ಪ್ರಶ್ನೆಯೇನಲ್ಲ. ಹೆಸರು ರಮಾಬಾಯಿ, ಊರು ಆಡಕಿ, ವರ್ಷ 1978. ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಮೂಗಿನ ತುದಿಗೆ ಜಾರಿದ ಚಾಳೀಸನ್ನು ಮೇಲೆ ತಳ್ಳಿ, ಉತ್ತರಕ್ಕೆ ಕಾದರೆ ಮತ್ತೆ ಅದೇ ದುಂಡನೆಯ ಸೊನ್ನೆ.

"ಏ ಸುಶ್ಮಿತಾ, ನಿನ್ನ ಮಷೀನಿಗಿ ನನ್ನ ಚಾಳೀಸ ಹಾಕಿ ನೋಡು. ಅದಕ್ಕ ಕಣ್ಣು ಕಾಣವಲ್ದು."

"ಕಾಣ್ತದ್ರಿ ಅಕ್ಕೋರ. ನಾವು ಎಷ್ಟು ತೋರಿಸಿರ್ತೀವೋ ಅಷ್ಟೇ ಕಾಣ್ತದ," ಎಂದು ಸುಶ್ಮಿತಾ ತನ್ನ ಖುರ್ಚಿಯಿಂದಲೇ ನಕ್ಕಳು.

ಸುಶ್ಮಿತಾಳಿಗೆ ಇಪ್ಪತ್ತಾರು. ಶಹಾಬಾದದ ಹುಡುಗಿ, ಕಾಗಿಣಾ ನದಿ ದಂಡೆಯ ಹಳೆಯ ಮನೆತನ. ಅಪ್ಪ ಜಟ್ಟೆಪ್ಪ ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಹಿಡಿಯುತ್ತ ಮಗಳನ್ನು ಓದಿಸಿದವನು. ಈಗ ಸೇಡಂನ ಈ ಕಾಲೇಜಿನಲ್ಲಿ ಹಳೆಯ ಹಾಡುಗಳ ಸಂಗ್ರಹಕ್ಕೆ ಡೇಟಾಬೇಸ್ ಜೋಡಿಸುವುದು ಅವಳ ಕೆಲಸ. ಜಾನಕೀಬಾಯಿ ಚಿತ್ತಾಪುರದಿಂದ ರೈಲಿನಲ್ಲಿ ಬಂದು, ಮಧ್ಯಾಹ್ನದ ತನಕ ಅವಳ ಪಕ್ಕ ಕೂತು, ತಪ್ಪು ಬರೆದ ಹೆಸರುಗಳನ್ನು ತಿದ್ದಿಕೊಡುತ್ತಿದ್ದಳು. ಕನ್ನಡ ಕಲಿಸಿ ನಿವೃತ್ತಳಾದ ಟೀಚರು ಬೇಕು ಅಂತ ಕಾಲೇಜಿನವರು ಕೇಳಿದಾಗ ಆಕೆ ಎರಡನೆಯ ಮಾತು ಆಡದೆ ಒಪ್ಪಿದ್ದಕ್ಕೆ ಕಾರಣ ಬೇರೆಯೇ ಇತ್ತು. ಅದನ್ನು ಆಕೆ ಯಾರಿಗೂ ಹೇಳಿರಲಿಲ್ಲ.

ಹಾಡುಗಳು ಅಬ್ದುಲ್ ಸಲಾಂ ಮಾಸ್ತರರವು. ಅಂದರೆ ಹಾಡಿದವರು ಹೆಣ್ಣುಮಕ್ಕಳು, ಹಿಡಿದಿಟ್ಟವರು ಮಾಸ್ತರರು. ಎಪ್ಪತ್ತು ಎಂಬತ್ತರ ದಶಕದಲ್ಲಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸೀಮೆಯ ಹಳ್ಳಿಹಳ್ಳಿಗೆ ಸೈಕಲ್ ತುಳಿದು, ಕ್ಯಾರಿಯರಿಗೆ ಟೇಪ್ ರೆಕಾರ್ಡರ್ ಕಟ್ಟಿಕೊಂಡು, ಬೀಸುವ ಹಾಡು, ಕುಟ್ಟುವ ಹಾಡು, ತೊಟ್ಟಿಲ ಹಾಡು ಎಲ್ಲವನ್ನೂ ಕ್ಯಾಸೆಟ್ಟಿಗೆ ತುಂಬಿಸಿದರು. ಅವರು ತೀರಿಕೊಂಡ ಮೇಲೆ ಮಗಳು ಶಗುಫ್ತಾ ಎರಡು ಟ್ರಂಕು ತುಂಬ ಕ್ಯಾಸೆಟ್ಟು ತಂದು ಕಾಲೇಜಿಗೆ ಕೊಟ್ಟಳು. ಅವೆಲ್ಲ ಈಗ ಆರುನೂರ ನಲವತ್ತು ಫೈಲುಗಳಾಗಿದ್ದವು, ಹಳೆಯ ಕ್ಯಾಸೆಟ್ಟುಗಳು ಇನ್ನೊಮ್ಮೆ ಓಡುವ ಸ್ಥಿತಿಯಲ್ಲಿ ಉಳಿದಿರಲಿಲ್ಲ. ಪ್ರತಿ ಹಾಡಿಗೆ ಮಾಸ್ತರರು ಚೀಟಿಯಲ್ಲಿ ಬರೆದಿಟ್ಟದ್ದು ಮೂರೇ ಸಂಗತಿ: ಹೆಸರು, ಊರು, ವರ್ಷ. ಆ ಚೀಟಿ ನೋಡಿಯೇ ಊರಿಗೊಂದು ಫೋಲ್ಡರ್ ಮಾಡಿದ್ದರು.

ಆ ಫೈಲುಗಳು ಎಲ್ಲಿವೆ ಎಂಬುದು ಜಾನಕೀಬಾಯಿಗೆ ಮೊದಲ ದಿನ ಬಗೆಹರಿಯಲೇ ಇಲ್ಲ.

"ಒಂದ ಕಡಿ ಇಲ್ರಿ ಅಕ್ಕೋರ," ಎಂದಿದ್ದಳು ಸುಶ್ಮಿತಾ. "ಐದೂ ಊರಿನ ಕಾಲೇಜು ಒಂದೊಂದು ಕಂಪ್ಯೂಟರ್ ಕೊಟ್ಟಾವ. ಒಂದು ಫೈಲು ತುಂಡು ತುಂಡು ಮಾಡಿ, ಒಂದೊಂದು ತುಂಡು ಮೂರು ಊರಾಗ ಇಡ್ತೀವಿ. ಒಂದು ಊರಿಂದು ಕೆಟ್ಟರ ಇನ್ನೆರಡು ಊರಾಗ ಇರ್ತದ."

"ಹೆಪ್ಪಿನಂಗ ಅನ್ನು," ಎಂದಿದ್ದಳು ಜಾನಕೀಬಾಯಿ. ಆಡಕಿಯಲ್ಲಿ ಆಕೆಯ ಅವ್ವ ಮೊಸರು ಹುಳಿಯಾಗಿ ಕೆಟ್ಟ ದಿನ ನೆರೆಮನೆಯಿಂದ ಒಂದು ಚಮಚ ಹೆಪ್ಪು ತರಿಸುತ್ತಿದ್ದಳು. ಆ ನೆರೆಮನೆಯ ಹೆಪ್ಪು ಹೋದ ವಾರ ಅವ್ವನೇ ಕೊಟ್ಟದ್ದಿರುತ್ತಿತ್ತು. ಯಾರ ಮನೆಯದು ಮೂಲ ಎಂದು ಯಾರೂ ಕೇಳುತ್ತಿರಲಿಲ್ಲ, ಓಣಿಯಲ್ಲಿ ಮೊಸರು ಮಾತ್ರ ಯಾವತ್ತೂ ಇರುತ್ತಿತ್ತು. ಸುಶ್ಮಿತಾಳಿಗೆ ಈ ಮಾತು ಎಷ್ಟು ಹಿಡಿಸಿತೆಂದರೆ ಅದನ್ನು ಹೋಗಿ ಅಮರನಾಥ ಸರ್‌ಗೂ ಹೇಳಿದಳು.

ಅಮರನಾಥ ಅಂದರೆ ಈ ಯೋಜನೆಯ ಮುಖ್ಯಸ್ಥ, ಕಂಪ್ಯೂಟರ್ ವಿಭಾಗದ ಪ್ರಾಧ್ಯಾಪಕ. ಕೆಟ್ಟವನಲ್ಲ, ಆದರೆ ಗಡಿಬಿಡಿಯ ಮನುಷ್ಯ. ಕೂತಲ್ಲಿ ಕೂರದೆ, ಬಾಗಿಲಲ್ಲೇ ನಿಂತು ಮಾತು ಮುಗಿಸಿ ಹೋಗುವವನು. ಅವನು ಹುಡುಗ ಹುಡುಗಿಯರನ್ನು ಊರೂರಿಗೆ ಕಳಿಸಿ, ಮಾಸ್ತರರಿಗೆ ಹಾಡಿದವರ ಮನೆ ಹುಡುಕಿಸಿ, ಹೆಸರು, ಊರು, ಫೋಟೋ, ಮನೆಯವರ ಒಪ್ಪಿಗೆ ಎಲ್ಲ ಸೇರಿಸಿ ಒಂದು ಪಟ್ಟಿ ಮಾಡಿಸಿದ್ದ. ಆ ಪಟ್ಟಿ ಸೇಡಂನ ಡೇಟಾಬೇಸಿನಲ್ಲಿ ಕೂತಿತ್ತು. ಇನ್ನು ಉಳಿದ ಕೆಲಸ ಪಟ್ಟಿಗೂ ಫೈಲಿಗೂ ಗಂಟು ಹಾಕುವುದು.

"ಫೈಲು ಎತ್ತಿಕೊಂಡು ಬಂದು ಡೇಟಾಬೇಸಿನಾಗ ಇಡಂಗಿಲ್ರಿ," ಎಂದು ಸುಶ್ಮಿತಾ ಹೇಳಿದ್ದಳು. "ಅವು ಇದ್ದಲ್ಲೇ ಇರ್ತಾವ. ಇಂಥಾದ್ದು ಇಂಥಲ್ಲಿ ಅದ ಅಂತ ಡೇಟಾಬೇಸಿನ ಟೇಬಲ್ ನೆನಪಿಡ್ತದ, ಅಷ್ಟೇ. ಪಟ್ಟ್ಯಾಗಿನ ಹೆಸರು, ಊರು, ಫೈಲಿನ ಹೆಸರು, ಊರು, ಬರೋಬ್ಬರಿ ಕೂಡಿದ್ರ ಗಂಟು ಬೀಳ್ತದ."

ಆರುನೂರ ನಲವತ್ತರಲ್ಲಿ ಗಂಟು ಬಿದ್ದದ್ದು ಇನ್ನೂರ ಹನ್ನೊಂದು. ಉಳಿದ ನಾನೂರ ಇಪ್ಪತ್ತೊಂಬತ್ತು ಹಾಡುಗಳಿಗೆ ದಿಕ್ಕು ದೆಸೆ ಇಲ್ಲ. ಅಕ್ಷರ ತಪ್ಪಿರಬೇಕು ಎಂದು ಅಮರನಾಥ ಜಾನಕೀಬಾಯಿಯನ್ನು ಕರೆಸಿದ್ದ. ಆಕೆ ಮೂರು ವಾರ ಕೂತು ಒತ್ತಕ್ಷರ ದೀರ್ಘ ಎಲ್ಲ ಸರಿ ಮಾಡಿದರೂ ಸಿಕ್ಕದ್ದು ಇನ್ನೂ ಎಂಟೇ ಎಂಟು. ಕೊನೆಗೆ ಅವನು ಬಾಗಿಲಲ್ಲಿ ನಿಂತು ತೀರ್ಪು ಹೇಳಿದ: "ಶನಿವಾರ ಮಧ್ಯಾಹ್ನದ ತನಕ ನೋಡ್ರಿ. ಆಮ್ಯಾಲ ಕೂಡದ ಫೈಲು ಅಳಸಿಬಿಡೋದು. ಜಾಗ ಇಲ್ಲ, ಒಂದೊಂದಕ್ಕ ಮೂರು ನಕಲು. ಯಾರ ಹಾಡು ಅಂತ ಗೊತ್ತಿಲ್ಲದ್ದು ಇಟ್ಟು ಮಾಡೋದೇನು?"

ಆ ನಾನೂರ ಚಿಲ್ಲರೆಯಲ್ಲೇ ಎಲ್ಲೋ ಜಾನಕೀಬಾಯಿಯ ಅವ್ವ ಇದ್ದಳು.

ಅವ್ವ ರಮಾಬಾಯಿ ಹೋಗಿದ್ದು ಎಂಬತ್ತೊಂದರಲ್ಲಿ. ಒಂದು ಫೋಟೋ ಇದೆ, ಮದುವೆಯ ಗುಂಪಿನಲ್ಲಿ ಸೆರಗು ಅರ್ಧ ಮುಖ ನುಂಗಿದ್ದು. ಮುಖ ಹೋಗಲಿ, ಜಾನಕೀಬಾಯಿಗೆ ಬೇಕಾದದ್ದು ದನಿ. ಅವ್ವನ ಮಾತುಗಳೆಲ್ಲ ಆಕೆಗೆ ನೆನಪಿದ್ದವು. ಬೈದದ್ದು, ಕರೆದದ್ದು, ಹಾಡಿದ್ದು, ಎಲ್ಲ. ಆದರೆ ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತ ಅವ್ವನ ಹಾಡು ನೆನೆದರೆ, ಕಿವಿಯೊಳಗೆ ಕೇಳಿದ್ದು ತನ್ನದೇ ದನಿ. ಎಷ್ಟು ಹಿಂದೆ ಹೋಗಿ ಹುಡುಕಿದರೂ ಅವ್ವನ ಬಾಯಿಂದ ತಾನೇ ಮಾತಾಡುತ್ತಿದ್ದಳು. ಆ ದಿನ ಆಕೆ ರೊಟ್ಟಿ ಹಂಚಿನ ಮೇಲೆ ಕರಕಾಗಲು ಬಿಟ್ಟು ಅತ್ತಿದ್ದಳು. ಅವ್ವ ಸತ್ತಾಗ ಅತ್ತದ್ದಕ್ಕಿಂತ ಹೆಚ್ಚು ಅತ್ತಳೆಂದರೂ ಸರಿಯೆ.

ಆ ಹಾಡನ್ನು ಮಾಸ್ತರರು ಹಿಡಿದದ್ದು ಮಾತ್ರ ಖರೆ. ಎಪ್ಪತ್ತೆಂಟು, ಆಕೆಯ ಮದುವೆಗೆ ಇನ್ನೊಂದು ತಿಂಗಳಿತ್ತು. ಅವ್ವ ಮಡಿಯಲ್ಲಿದ್ದಳು, ಪರಗಂಡಸಿನ ಮುಂದೆ ಬರುವವಳಲ್ಲ. ಮಾಸ್ತರರು ಹೊರಗೆ ಕಟ್ಟೆಯ ಮೇಲೆ ಕೂತು, ಮೈಕಿನ ಉದ್ದ ವಾಯರನ್ನು ಹೊಸ್ತಿಲ ಮೇಲಿಂದ ಒಳಗೆ ಜಾರಿಸಿದ್ದರು. ಆ ಮೈಕನ್ನು ಎತ್ತಿಕೊಂಡು ಹೋಗಿ, ಬೀಸುವ ಕಲ್ಲಿನ ಪಕ್ಕ ಸೇರು ಬೋರಲು ಹಾಕಿ ಅದರ ಮೇಲೆ ಇಟ್ಟವಳು ಈಕೆಯೇ. ಹಾಡು ಶುರುವಾಗುವ ಮೊದಲು ಅವ್ವ, "ನೀ ಆಕಡಿ ಹೋಗು. ನೀ ಇದ್ರ ನನಗ ನಗಿ ಬರ್ತದ," ಎಂದು ಹಿತ್ತಲಿಗೆ ಅಟ್ಟಿದ್ದಳು. ಹಾಗಾಗಿ ಆವತ್ತಿನ ಹಾಡನ್ನು ಮಗಳು ಪೂರ್ತಿ ಕೇಳಿರಲಿಲ್ಲ.

ಗುರುವಾರ ಆಡಕಿಯ ಫೋಲ್ಡರನ್ನೇ ಮತ್ತೆ ತೆಗೆದು ಕೂತಳು. ಒಂಬತ್ತು ಫೈಲು, ಒಂದಕ್ಕೂ ಗಂಟು ಬಿದ್ದಿರಲಿಲ್ಲ. ಅದರಲ್ಲಿ ಒಂದು 'ಮರೆಮ್ಮ, ಆಡಕಿ, 1979'. ಮರೆಮ್ಮ! ಹಳ್ಳದ ದಂಡೆಯ ಮನೆಯವಳು, ಜೊತೆಗೆ ಕೊಡ ಹೊತ್ತು ನೀರಿಗೆ ಬರುತ್ತಿದ್ದವಳು, ದಾರಿಯುದ್ದಕ್ಕೂ ನಗಿಸುತ್ತಿದ್ದವಳು. ತಿದ್ದುವ ಕೆಲಸ ಅತ್ತ ಇಟ್ಟು ಜಾನಕೀಬಾಯಿ ಹಾಡು ಹಚ್ಚಿದಳು. ಅದೇ ಮರೆಮ್ಮ, ಅದೇ ಗಂಡುಗೊರಳು. ಆದರೆ ಹಾಡಿನ ಹಿಂದೆ ಇನ್ನೊಂದು ಸಪ್ಪಳ ಬರುತ್ತಿತ್ತು. ಟಣ್, ಟಣ್, ಟಣ್. ನಡುವೆ ಒಮ್ಮೆ ಉದ್ದಕ್ಕೆ ಕಾರ್ಖಾನೆಯ ಭೋಂಗಾ ಕೂಗಿತು.

"ಆಡಕ್ಯಾಗ ಭೋಂಗಾ ಯಾವಾಗ ಬಂತು?" ಎಂದಳು ಜಾನಕೀಬಾಯಿ.

ಸುಶ್ಮಿತಾ ಕೈಕೆಲಸ ಬಿಟ್ಟು ತಲೆಯೆತ್ತಿದಳು. "ಅದು ಫರ್ಸಿ ಒಡಿಯೋ ಸಪ್ಪಳ ಅಕ್ಕೋರ. ಉಳಿ ಮ್ಯಾಲ ಸುತ್ತಿಗಿ. ಅದನ್ನ ಕೇಳ್ಕೋತನೇ ನಾ ಬೆಳದೀನಿ. ಇದು ನಮ್ಮ ಶಹಾಬಾದ."

"ಮರೆಮ್ಮನ್ನ ಕೊಟ್ಟದ್ದೂ ಶಹಾಬಾದಕ್ಕೇ," ಎಂದಳು ಜಾನಕೀಬಾಯಿ ನಿಧಾನವಾಗಿ. "ಹಾಡಿದ್ದು ಶಹಾಬಾದದಾಗ. ಮಾಸ್ತರು ಆಡಕಿ ಅಂತ ಯಾಕ ಬರದರು?"

ಹಾಡು ಮುಗಿಯಿತು. ಇಷ್ಟು ದಿನ ಹಾಡು ಮುಗಿದ ಕೂಡಲೇ ಎಲ್ಲರೂ ಮುಂದಿನ ಫೈಲಿಗೆ ಹೋಗುತ್ತಿದ್ದರು. ಖರೆ ಹೇಳಬೇಕೆಂದರೆ ಹಾಡನ್ನೂ ಪೂರ್ತಿ ಕೇಳುತ್ತಿರಲಿಲ್ಲ, ಮೊದಲ ಅರ್ಧ ನಿಮಿಷ ಕೇಳಿ ಯಾವ ಬಗೆಯ ಹಾಡೆಂದು ಗುರುತು ಹಾಕಿ ಮುಗಿಸುತ್ತಿದ್ದರು. ಮರೆಮ್ಮನ ದನಿ ಬಿಟ್ಟೇಳಲು ಮನಸ್ಸಾಗದೆ ಜಾನಕೀಬಾಯಿ ಸುಮ್ಮನೆ ಕೂತಿದ್ದಳು. ಟೇಪಿನ ಸುಯ್ ಎನ್ನುವ ಸದ್ದು ಸ್ವಲ್ಪ ಹೊತ್ತು ಓಡಿತು. ಆಮೇಲೆ ಗಂಡಸಿನ ದನಿ, ಮೆತ್ತಗೆ.

"ಹೆಸರೇನವ್ವ?"

"ಇಲ್ಲಿ ಶರಣಮ್ಮ ಅಂತಾರ್ರಿ."

"ಇಲ್ಲೀದು ಬ್ಯಾಡ. ನಿಮ್ಮವ್ವ ಏನಂತ ಕರೀತಿದ್ಲು?"

ನಗು. "ಮರೆಮ್ಮ ಅಂತಿದ್ಲು. ನಮ್ಮತ್ತಿ ಹೆಸರೂ ಅದೇ ಬಂತಲ್ರಿ. ಒಂದು ಮನ್ಯಾಗ ಇಬ್ಬರು ಮರೆಮ್ಮ ಹ್ಯಾಂಗಿರ್ತಾರ? ನಂದೇ ಬದಲಿ ಮಾಡಿದ್ರು."

"ತವರು ಯಾವೂರು?"

"ಆಡಕಿ."

"ಅದನ್ನೇ ಬರ್ಕೋತೀನಿ. ಹಾಡು ಅಲ್ಲಿಂದೇ ಬಂದದಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಸುಶ್ಮಿತಾ ಸರಸರನೆ ಪಟ್ಟಿಯಲ್ಲಿ 'ಶರಣಮ್ಮ, ಶಹಾಬಾದ' ಎಂದು ಕೇಳಿದಳು. ಒಂದು ಸಾಲು ಬಂತು, ಜೊತೆಗೊಂದು ಫೋಟೋ. ಹಲ್ಲಿಲ್ಲದ ಬಾಯಿ ತುಂಬ ನಗುವ ಒಬ್ಬ ಮುದುಕಿ, ಕೆಳಗೆ 'ತೀರಿಕೊಂಡಿದ್ದಾರೆ' ಎಂಬ ಒಂದು ಮಾತು. ಜಾನಕೀಬಾಯಿ ಪರದೆಯ ಮೇಲೆ ಆ ಕೆನ್ನೆಗೆ ಬೆರಳು ಮುಟ್ಟಿಸಿದಳು. ನಲವತ್ತೇಳು ವರ್ಷ ಒಂದೇ ಸೀಮೆಯಲ್ಲಿದ್ದು, ನಡುವೆ ಒಂದೆರಡು ಸ್ಟೇಷನ್ನು, ಒಮ್ಮೆಯೂ ಹುಡುಕಿಕೊಂಡು ಹೋಗಿರಲಿಲ್ಲ. ಹೋಗಿದ್ದರೂ ಆ ಓಣಿಯಲ್ಲಿ ಮರೆಮ್ಮ ಎಂದರೆ ಅವಳ ಅತ್ತೆಯನ್ನೇ ತೋರಿಸುತ್ತಿದ್ದರು.

"ಈ ಟೇಬಲ್ ಮಾಡಿದವರು ಯಾರು?" ಎಂದು ಕೇಳಿದಳು.

"ಅಮರನಾಥ ಸರ್."

"ಅದಕ್ಕೇ. ಒಬ್ಬರಿಗಿ ಒಂದೇ ಹೆಸರು, ಒಂದೇ ಊರು ಇರ್ತದ ಅಂತ ಗಂಡಸರಿಗೇ ಅನಸ್ತದ."

ಇಷ್ಟು ಹೇಳಿ ನಗಬೇಕೆಂದವಳಿಗೆ ನಗು ಬರಲಿಲ್ಲ. ಮೂರು ವಾರದಿಂದ ಇದೇ ಖುರ್ಚಿಯಲ್ಲಿ ಕೂತು, ರಮಾಬಾಯಿ ಆಡಕಿ, ರಮಾಬಾಯಿ ಆಡಕಿ ಎಂದು ಕೇಳಿ ಕೇಳಿ ಸೊನ್ನೆ ತಿಂದವಳು ತಾನೇ. ಆಡಕಿ ತನ್ನ ತವರು, ಅವ್ವನ ತವರಲ್ಲ. ಅವ್ವ ಚಿಂಚೋಳಿ ಕಡೆಯ ಚಿಮ್ಮನಚೋಡದವಳು. ಅವ್ವನಿಗೂ ಒಂದು ತವರು ಇತ್ತು ಎಂಬುದನ್ನೇ ಮಗಳು ಮರೆತು ಕೂತಿದ್ದಳು. 'ಊರು: ಚಿಮ್ಮನಚೋಡ' ಎಂದು ಒತ್ತಿದಳು. ಸೊನ್ನೆ.

"ಅದು ನನ್ನ ತಪ್ಪು ಅಕ್ಕೋರ," ಎಂದು ಸುಶ್ಮಿತಾ ನಾಲಗೆ ಕಚ್ಚಿಕೊಂಡಳು. "ನಮ್ಮ ಹುಡುಗರು ಆ ಊರಿಗಿ ಹೋಗಿಲ್ಲ. ಪಟ್ಟ್ಯಾಗ ಊರಿಲ್ಲ ಅಂತ ಆ ಫೋಲ್ಡರ್ ನಾ ಟೇಬಲ್ಲಿಗಿ ತೋರಿಸೇ ಇಲ್ಲ. ಫೈಲು ಎಲ್ಲಾ ಅವ, ಎಲ್ಲಿಗೂ ಹೋಗಿಲ್ಲ. ಟೇಬಲ್ಲಿಗಿ ಖಬರಿಲ್ಲ ಅಷ್ಟೇ. ನಾಳಿ ಮುಂಜಾನಿ ನೀವು ಬರೋದ್ರಾಗ ಜೋಡಿಸಿ ಇಟ್ಟಿರ್ತೀನಿ. ನೀವು ಹುಡುಕೋ ರಮಾಬಾಯಿಯವರ ತವರ ಹೆಸರು ಏನಿತ್ರಿ?"

ಆ ಹೆಸರನ್ನು ಜಾನಕೀಬಾಯಿ ಅವ್ವನಿಗೆ ಕೇಳಿಯೇ ಇರಲಿಲ್ಲ.

ಆ ಸಂಜೆ ಮನೆಯಲ್ಲಿ ಗಂಡ ಗೋಪಾಲರಾಯರು ಪಂಚಾಂಗ ನೋಡುತ್ತ ಕೂತಿದ್ದಾಗ ಚಹಾ ಇಟ್ಟು ಕೇಳಿದಳು. "ನಮ್ಮವ್ವಗ ಲಗ್ನಕ್ಕ ಮೊದಲ ಏನ ಹೆಸರಿತ್ತು, ನಿಮಗ ಗೊತ್ತದೇನ್ರಿ?"

"ರಮಾಬಾಯಿ. ನಮ್ಮ ಲಗ್ನಪತ್ರಿಕಾದಾಗ ಹಂಗೇ ಇತ್ತಲ್ಲ."

"ಅದು ನಮ್ಮಪ್ಪನ ಮನ್ಯಾಗ ಇಟ್ಟ ಹೆಸರು. ಹೋಗ್ಲಿ, ನಂದೇನಿತ್ತು?"

ರಾಯರು ಪಂಚಾಂಗ ಮಡಚಿದರು. "ನಿಂದು ಜಾನಕಿ. ಲಗ್ನದ ದಿನ ನಾನೇ ಅಕ್ಕಿ ಮ್ಯಾಲ ಉಂಗುರಲೇ ಬರದಿದ್ನಲ್ಲ," ಎಂದು ದೊಡ್ಡ ಉಪಕಾರ ಮಾಡಿದವರಂತೆ ನಕ್ಕರು.

ಜಗಳಕ್ಕೆ ಇಳಿಯಬಹುದಿತ್ತು, ಆಕೆಗೆ ಅದೇನೂ ಹೊಸದಲ್ಲ. ಆದರೆ ತಟ್ಟೆಯಲ್ಲಿ ಹರವಿದ ಆ ಅಕ್ಕಿ, ಅದರ ಮೇಲೆ ಮೂಡಿದ ಮೂರು ಅಕ್ಷರ ಕಣ್ಣ ಮುಂದೆ ಬಂದವು. ಆವತ್ತು ಆಕೆಗೆ ಖುಷಿಯೇ ಆಗಿತ್ತು. ಹೊಸ ಸೀರೆ, ಹೊಸ ಬಳೆ, ಹೊಸ ಹೆಸರು. ಹಳೆಯದು ತವರಿನಲ್ಲಿ ಇದ್ದೇ ಇದೆಯಲ್ಲ, ಹೋದಾಗ ಅವ್ವ ಕರೆಯುತ್ತಾಳಲ್ಲ ಎಂದುಕೊಂಡಿದ್ದಳು. ಮೂರು ವರ್ಷ ಕರೆದಳು. ಅವ್ವ ಹೋದ ಮೇಲೆ ಆ ಹೆಸರಿನಿಂದ ಯಾರೂ ಕರೆದಿರಲಿಲ್ಲ. ಚಿಮ್ಮನಚೋಡದ ಸೋದರಮಾವನ ಮೊಮ್ಮಗನಿಗೂ ಫೋನು ಮಾಡಿದಳು. "ಅಜ್ಜಿ ಹೆಸರು ರಮಾಬಾಯಿ ಅಲ್ಲೇನ್ರಿ?" ಎಂದು ಅವನೂ ತಿರುಗಿ ಇವಳನ್ನೇ ಕೇಳಿದ.

ಶುಕ್ರವಾರ ಸೇಡಂ ಸ್ಟೇಷನ್ನಿನಿಂದ ಆಟೋ ಮಾಡಿಕೊಂಡು ಓಡಿ ಬಂದಳು. ಸುಶ್ಮಿತಾ ಆಗಲೇ ಕೆಲಸ ಮುಗಿಸಿದ್ದಳು. ಈ ಸಲ 'ಚಿಮ್ಮನಚೋಡ' ಎಂದರೆ ಸೊನ್ನೆ ಬರಲಿಲ್ಲ. ಹದಿನಾಲ್ಕು ಸಾಲು ಬಂದವು. ಮೂರು ವಾರದಲ್ಲಿ ಮೊದಲ ಸಲ ಜಾನಕೀಬಾಯಿ ಆ ಯಂತ್ರಕ್ಕೆ ಮನಸ್ಸಿನಲ್ಲೇ ಪಾಸು ಮಾರ್ಕು ಕೊಟ್ಟಳು.

1978 ಎಂದಿದ್ದದ್ದು ಆರು. ತುಂಗಾ, ನೀಲಮ್ಮ, ರಶೀದಾಬೇಗಂ, ಗೋದಾವರಿ, ಹಣಮವ್ವ, ಚಂಪಾ. ತಮ್ಮ ಮನೆತನದಲ್ಲಿ ಇಡದ ಹೆಸರು ತೆಗೆದರೆ ಉಳಿಯುವುದು ಮೂರು. ಆ ಮೂರನ್ನೂ ಬಾಯಲ್ಲಿ ಇಟ್ಟುಕೊಂಡು ನೋಡಿದಳು. ಅವ್ವ ತುಂಗಾ ಆಗಿರಬಹುದು. ಬಿಗಿ ಹೆಂಗಸು, ಮಡಿ ಎಂದರೆ ಮಡಿ, ಅವಳಿಗೆ ನದಿಯ ಹೆಸರೇ ಸರಿ. ಗೋದಾವರಿ ಆದರೂ ಆಗಬಹುದು. ಚಂಪಾ ಮಾತ್ರ ಖಂಡಿತ ಅಲ್ಲ.

"ಅಕ್ಕೋರ, ಹಚ್ಚಲೇನ್ರಿ?"

"ತಡಿ ತಡಿ." ಆಕೆಗೆ ಒಂದು ಭಯ ಶುರುವಾಗಿತ್ತು. ದನಿಯೇ ಮರೆತವಳು ಕೇಳಿದರೆ ಗುರುತು ಹಿಡಿಯುವುದು ಹೇಗೆ? ಅವ್ವ ಹಾಡಿ ಮುಗಿಸಿ, ಬೇರೆ ಯಾರೋ ಎಂದುಕೊಂಡು ತಾನು ಮುಂದಿನ ಫೈಲಿಗೆ ಹೋಗಿಬಿಟ್ಟರೆ? ನೀರು ಕುಡಿದಳು. "ಹಚ್ಚು," ಎಂದಳು.

ತುಂಗಾ ಕುಟ್ಟುವ ಹಾಡು ಹಾಡಿದಳು. ಕೊನೆಯಲ್ಲಿ ತಾನು ಚಿತ್ತಾಪುರದ ಸೊಸೆ ಎಂದಳು. ಅಲ್ಲ. ಗೋದಾವರಿ ತೊಟ್ಟಿಲ ಹಾಡು ಹಾಡಿದಳು, ನಡುವೆ ಕೂಸು ಅತ್ತಿತು. ಅಲ್ಲ. ಕ್ಯಾಸೆಟ್ಟೇ ಕೆಟ್ಟು ಹೋಗಿರಬಹುದು. ಮಾಸ್ತರರು ಆವತ್ತು ಗುಂಡಿ ಒತ್ತುವುದನ್ನು ಮರೆತಿರಲೂಬಹುದು. ನಾಳೆ ಶನಿವಾರ.

ಅಷ್ಟರಲ್ಲಿ ಅಮರನಾಥ ಬಂದು ಬಾಗಿಲಲ್ಲಿ ನಿಂತ. "ಮೇಡಮ್, ನಾಳಿ..." ಎಂದು ಬಾಯಿ ತೆರೆದವನಿಗೆ ಸುಶ್ಮಿತಾ ಕೈ ಅಡ್ಡ ಹಿಡಿದು ಸುಮ್ಮನಿರಿಸಿದಳು. ಸರ್‌ಗೆ ಕೈ ಅಡ್ಡ ಹಿಡಿಯುವುದು ಆ ಕಾಲೇಜಿನಲ್ಲಿ ಯಾರೂ ಮಾಡದ ಕೆಲಸ. ಅವನು ಅಲ್ಲೇ ನಿಂತ.

ಮೂರನೆಯ ಫೈಲಿನಲ್ಲಿ ಮೊದಲು ಬಂದದ್ದು ಹಾಡಲ್ಲ, ಬೀಸುವ ಕಲ್ಲಿನ ಸಪ್ಪಳ. ಗರ್ ಗರ್ ಎಂದು ತಿರುಗಿ, ಸುತ್ತಿಗೊಮ್ಮೆ ಕಟ್ ಎಂದು ಸಣ್ಣಗೆ ತಡವರಿಸಿ ಮುಂದೆ ಹೋಗುವ ಕಲ್ಲು. ಆಡಕಿಯ ಮನೆಯ ಕಲ್ಲಿನ ಅಂಚು ಒಂದು ಕಡೆ ಒಡೆದಿತ್ತು. ಹೊಸದು ತರುತ್ತೇನೆಂದು ಅಪ್ಪ ಇಪ್ಪತ್ತು ವರ್ಷ ಹೇಳಿದ್ದ. ಜಾನಕೀಬಾಯಿ ಮೇಜಿನ ಅಂಚು ಹಿಡಿದಳು. ಗುರುತು ಹಿಡಿಯುವುದು ಹೇಗೆ ಎಂದು ಹೆದರಿದ್ದು ಸುಳ್ಳಾಯಿತು. ಇನ್ನೂ ದನಿಯೇ ಬಂದಿರಲಿಲ್ಲ, ಕಣ್ಣಲ್ಲಿ ನೀರು ಬಂದಾಗಿತ್ತು.

ಜ್ವಾಳ ಬೀಸುವಾಗ ಯಾರ ನೆನೆಯಲಿ ನಾನ
ಆಳದ ಬಾವಿ ತಿಳಿನೀರ, ತವರೂರ
ಗಾಳಿಯ ನೆನೆದು ಬೀಸೇನ

ತೆಳು ದನಿ. ಆಕೆ ನೆನಪಿಟ್ಟುಕೊಂಡದ್ದಕ್ಕಿಂತ ತೆಳು, ಎಳೆಯದು. ಅವ್ವ ಎಂದರೆ ಮುದುಕಿ ಎಂದೇ ಆಕೆಯ ತಲೆಯಲ್ಲಿ ಕೂತಿತ್ತು. ಲೆಕ್ಕ ಹಾಕಿದರೆ ಆವತ್ತು ಅವ್ವನಿಗೆ ನಲವತ್ತೈದೂ ದಾಟಿರಲಿಲ್ಲ. ತನ್ನ ಈಗಿನ ವಯಸ್ಸಿಗೆ ಮಗಳಾಗುವಷ್ಟು ಚಿಕ್ಕವಳು ಕೂತು ಬೀಸುತ್ತಿದ್ದಳು.

ಪರದೆಯ ಮೂಲೆಯಲ್ಲಿ ಐದು ಊರಿನ ಐದು ಹಸಿರು ಚುಕ್ಕೆ ಇದ್ದವು. ಅವುಗಳಲ್ಲಿ ಚಿಂಚೋಳಿಯದು ಇದ್ದಕ್ಕಿದ್ದಂತೆ ಕೆಂಪಾಯಿತು. ಜಾನಕೀಬಾಯಿ ಸುಶ್ಮಿತಾಳ ರಟ್ಟೆ ಗಟ್ಟಿಯಾಗಿ ಹಿಡಿದಳು.

"ಚಿಂಚೋಳ್ಯಾಗ ಕರೆಂಟು ಹೋಯ್ತು. ಅಂಜಬ್ಯಾಡ್ರಿ," ಎಂದು ಸುಶ್ಮಿತಾ ಪಿಸುಗುಟ್ಟಿದಳು. "ವಾಡ್ಯಾಗ ಅದ, ಶಹಾಬಾದದಾಗ ಅದ. ಹೆಪ್ಪು ಅಂದಿದ್ರಲ್ಲ."

ಅವ್ವ ಒಂದು ಸುತ್ತೂ ನಿಲ್ಲಲಿಲ್ಲ. ಮೂರು ನುಡಿ ಹಾಡಿ, ಹಿಟ್ಟು ಒಟ್ಟು ಮಾಡುವ ಸದ್ದಿನೊಂದಿಗೆ ಮುಗಿಸಿದಳು. ಟೇಪು ಸುಯ್ ಎಂದು ಓಡಿತು. ಆಮೇಲೆ ದೂರದಿಂದ, ಕಟ್ಟೆಯ ಕಡೆಯಿಂದ, ಮಾಸ್ತರರ ದನಿ.

"ಹೆಸರು ಹೇಳ್ರಿ ಬಾಯಾರ."

"ರಮಾಬಾಯಿ."

"ಅದು ಇಲ್ಲೀದು. ತವರಿನಾಗ?"

ಬಳೆ ಸದ್ದು ಮಾಡಿದವು. ಬಿಗಿ ಹೆಂಗಸು, ಮಡಿ ಹೆಂಗಸು, ಅಂಥ ಅವ್ವ ಜಾನಕೀಬಾಯಿ ಎಂದೂ ಕೇಳದ ಒಂದು ನಗು ನಕ್ಕಳು. "ಯಾರೂ ಕೇಳಿಲ್ರಿ ಇಷ್ಟು ವರ್ಷ," ಎಂದಳು. "ಚಂಪಾ. ಚಿಮ್ಮನಚೋಡದ ಚಂಪಾ ನಾನು."

"ಬರ್ಕೊಂಡೆ."

"ಮಾಸ್ತರ, ಇನ್ನೊಂದು ಬರ್ಕೋತೀರೇನ್ರಿ?"

"ಹೇಳ್ರಿ."

"ನನ್ನ ಮಗಳು ಅದಾಳ. ಈಗ ಮೈಕು ತಂದಿಟ್ಟು ಹೋದ್ಲಲ್ರಿ, ಆಕಿ. ಹೆಸರು ವನಮಾಲಾ. ಮಾಲೂ ಅಂತೀನಿ ನಾ. ಬರೋ ತಿಂಗಳ ಲಗ್ನ ಅದ. ಆಮ್ಯಾಲ ಅವರೇನಿಡ್ತಾರೋ ಏನೋ, ಇಡ್ಲಿ ಪಾಪ. ಇದೂ ಒಂದು ಕಡಿ ಇರ್ಲಿ ಅಂತ."

"ಆಕಿನೂ ಹಾಡ್ತಾಳೇನ್ರಿ?"

"ಹಾಡ್ತಾಳ, ಮಂದಿ ಮುಂದ ನಾಚಿಗಿ. ಏ ಮಾಲೂ! ಮಾಲೂ! ಎಲ್ಲಿದ್ದಿ? ಬಾ ಇಲ್ಲಿ!"

ಕಟಕ್ ಎಂದಿತು. ಟೇಪು ಅಲ್ಲಿಗೆ ಮುಗಿದಿತ್ತು.

ಜಾನಕೀಬಾಯಿ ಎದ್ದು ನಿಂತಿದ್ದಳು. ಯಾವಾಗ ಎದ್ದಳೋ ಆಕೆಗೇ ಗೊತ್ತಿಲ್ಲ, ಅವ್ವ ಕರೆದ ಕೂಡಲೇ ಎದ್ದಿರಬೇಕು. ಬಾಗಿಲಲ್ಲಿ ಅಮರನಾಥ ಫೋನು ಕಿವಿಗಿಟ್ಟು ಆಕಡೆ ತಿರುಗಿದ್ದ. "ಅವ್ವಾ, ಏನಿಲ್ಲ, ಆರಾಮ ಇದ್ದೀನಿ. ನಿನ್ನ ತವರ ಹೆಸರು ಏನಿತ್ತು?" ಎಂದು ಸಣ್ಣ ದನಿಯಲ್ಲಿ ಕೇಳುತ್ತಿದ್ದ. ಫೋನು ಇಟ್ಟು ಒಳಗೆ ಬಂದು, ಅಪರೂಪಕ್ಕೆ ಒಂದು ಖುರ್ಚಿ ಎಳೆದು ಕೂತ.

"ಸುಶ್ಮಿತಾ, ನಾಳೀದು ನಿಲ್ಲಿಸು. ಒಂದೂ ಅಳಸಬ್ಯಾಡ. ಟೇಬಲ್ಲಿಗಿ ಇನ್ನೆರಡು ಕಾಲಮ್ ಹಾಕು, ತವರ ಹೆಸರು, ತವರೂರು," ಎಂದ. "ಎಲ್ಲಾ ಫೈಲು ಕಡೀ ತನಕ ಕೇಳೋಣು. ಮೇಡಮ್, ಕುಂದ್ರಿ ನೀವು."

ಜಾನಕೀಬಾಯಿ ಕೂತಳು. ಸುಶ್ಮಿತಾ ಹೊಸ ಕಾಲಮ್ ಸೇರಿಸಿ ಮೊದಲ ಸಾಲು ತುಂಬತೊಡಗಿದಳು. ಹೆಸರು ರಮಾಬಾಯಿ. ಊರು ಆಡಕಿ. ತವರ ಹೆಸರು ಚಂಪಾ. ತವರೂರು ಚಿಮ್ಮನಚೋಡ. ಗುಂಡಿ ಒತ್ತಿದಳು, ಫೈಲಿಗೂ ಸಾಲಿಗೂ ಗಂಟು ಬಿತ್ತು. ಸೊನ್ನೆ ಇದ್ದಲ್ಲಿ ಒಂದು ಬಂತು. ಕೊನೆಯಲ್ಲಿ ಒಂದು ಖಾನೆ ಖಾಲಿ ಉಳಿದಿತ್ತು, ಮಾಹಿತಿ ಕೊಟ್ಟವರು ಯಾರು ಎಂಬುದು. ಸುಶ್ಮಿತಾ ಅಭ್ಯಾಸ ಬಲದಿಂದ 'ಜಾ' ಎಂದು ಒತ್ತಿದವಳು ಬೆರಳು ತಡೆದು ಆಕೆಯ ಕಡೆ ನೋಡಿದಳು.

"ಏನು ಬರೀಲ್ರಿ ಅಕ್ಕೋರ?"

"ಅದನ್ನ ಅಳಸು," ಎಂದಳು ಜಾನಕೀಬಾಯಿ ಸೆರಗಿನಿಂದ ಚಾಳೀಸು ಒರೆಸುತ್ತ. "ಮಗಳು ಮಾಲೂ ಅಂತ ಬರಿ. ಕರದದ್ದು ಕೇಳಿಸ್ಲಿಲ್ಲೇನು ನಿನಗ?"